ಮಂಗಟ್ಟೆಯ ಕತ್ತು ಯಾಕೆ ನಡುಗುತ್ತದೆ?

ಪ್ರಶ್ನೆ: ನಮ್ಮೂರು ಮೂಡಿಗೆರೆ ಕಡೆ. ತೋಟಕ್ಕೆ ಬರುವ ಮಂಗಟ್ಟೆಯನ್ನು (ಹಾರ್ನ್‌ಬಿಲ್ ಹಕ್ಕಿ) ನೋಡಿ ಅಂಥದ್ದೇ ಒಂದು ಯಾಂತ್ರಿಕ ಹಕ್ಕಿ ಮಾಡುತ್ತಿದ್ದೇನೆ. ವಿಡಿಯೊ ನೋಡಿ ಕಲಿತದ್ದು. ಕೋಡ್ ಬರೆದು ಓಡಿಸುವ ಪುಟ್ಟ ಕಂಪ್ಯೂಟರಾದ ಆರ್ಡುಯಿನೊ ಊನೊ ಬೋರ್ಡಿಗೆ ಐದು ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟಾರು) ಹಾಕಿದ್ದೇನೆ: ಕತ್ತಿಗೆ ಎರಡು, ಕೊಕ್ಕಿಗೆ ಒಂದು, ರೆಕ್ಕೆಗಳಿಗೆ ಎರಡು. ಒಂದೊಂದನ್ನೇ ಓಡಿಸಿದರೆ ಸರಿ ಇರುತ್ತದೆ. ಒಟ್ಟಿಗೆ ಬಿಟ್ಟರೆ ತಲೆ ಗಡಗಡ ನಡುಗುತ್ತದೆ, ರೆಕ್ಕೆ ಎತ್ತಿದ ಕೂಡಲೇ ಬೋರ್ಡ್ ಮತ್ತೆ ಮೊದಲಿಂದ ಶುರುವಾಗುತ್ತದೆ. ಕೋಡ್ ಹತ್ತು ಸಲ ತಿದ್ದಿಯಾಯಿತು. ತಪ್ಪು ಎಲ್ಲಿದೆ?

ಉತ್ತರ: ಕೋಡನ್ನು ಸದ್ಯಕ್ಕೆ ಮುಟ್ಟಬೇಡಿ. ‘ಒಂದೊಂದನ್ನೇ ಓಡಿಸಿದರೆ ಸರಿ’ ಎಂಬ ನಿಮ್ಮ ಮಾತಲ್ಲೇ ಅರ್ಧ ಉತ್ತರ ಇದೆ. ನಡುಕಕ್ಕೆ ಸಾಮಾನ್ಯವಾಗಿ ಎರಡೇ ಕಾರಣ: ಕರೆಂಟು ಸಾಲದಿರುವುದು, ತಲೆ ಭಾರವಾಗಿರುವುದು. ಯಾವುದೆಂದು ತಿಳಿಯಲು ತಲೆಯನ್ನು ಆಡಿಸುವ ಸ್ಟೀಲ್ ತಂತಿಯನ್ನು ಸರ್ವೋ ತೋಳಿನಿಂದ (ಅದರ ಮೇಲೆ ತಿರುಗುವ ತೂತುಗಳ ಪಟ್ಟಿ) ಕಳಚಿ, ಅದೇ ಕೋಡ್ ಓಡಿಸಿ. ಬರಿ ತೋಳೂ ನಡುಗಿದರೆ ದೋಷ ವಿದ್ಯುತ್ತಿನದು. ಬರಿ ತೋಳು ನೆಟ್ಟಗೆ ತಿರುಗಿ ನಿಂತರೆ ಭಾರದ್ದು. ನಿಮ್ಮ ಹಕ್ಕಿಯಲ್ಲಿ ಬಹುಶಃ ಎರಡೂ ಇವೆ.

ಮೊದಲು ವಿದ್ಯುತ್ತು. ಎಸ್‌ಜಿ90 ಆರಾಮಾಗಿ ತಿರುಗುವಾಗ ಕಾಲು ಆಂಪಿನಷ್ಟು ಎಳೆಯುತ್ತದೆ. ಆದರೆ ಹೊರಡುವ ಕ್ಷಣದಲ್ಲಿ ಮತ್ತು ಎಲ್ಲಾದರೂ ತಡೆದು ನಿಂತಾಗ ಅದು 0.7 ಆಂಪಿನ ಹತ್ತಿರ ಹೋಗುತ್ತದೆ. ಐದೂ ಒಟ್ಟಿಗೆ ಹೊರಟರೆ 3.5 ಆಂಪ್. ಊನೊ ಬೋರ್ಡಿನ ಯುಎಸ್‌ಬಿ ದಾರಿಯಲ್ಲಿರುವ ಫ್ಯೂಸು 500 ಮಿಲಿ ಆಂಪಿನದು. ವೋಲ್ಟೇಜು ಕುಸಿಯುತ್ತದೆ, 2.7 ವೋಲ್ಟಿಗಿಂತ ಕೆಳಗಿಳಿದರೆ ಊನೊದ ಚಿಪ್ ತನ್ನ ರಕ್ಷಣೆಗೆ ತಾನೇ ರೀಸೆಟ್ ಆಗುತ್ತದೆ. ನೀವು ಕಂಡದ್ದು ಅದೇ. ಚೌಕದ 9 ವೋಲ್ಟ್ ಬ್ಯಾಟರಿ ಹಾಕಿ ನೋಡೋಣ ಎಂದು ಹಲವರು ಹೊರಡುತ್ತಾರೆ. ಇಷ್ಟು ಕರೆಂಟು ಕೊಡುವ ತಾಕತ್ತು ಅದಕ್ಕಿಲ್ಲ.

ಎಲ್‌ಇಡಿ ಪಟ್ಟಿಗಳಿಗೆ ಬಳಸುವ 5 ವೋಲ್ಟ್ 10 ಆಂಪ್ ಎಸ್‌ಎಂಪಿಎಸ್ ಡಬ್ಬಿ (ಮನೆ ಕರೆಂಟನ್ನು 5 ವೋಲ್ಟಿಗೆ ಇಳಿಸಿ ಕೊಡುವ ಸಪ್ಲೈ) ತನ್ನಿ. ಮುಂದೆ ಸರ್ವೋ ಹೆಚ್ಚಿದರೂ ಅದು ತಡೆಯುತ್ತದೆ. ಅದರ 230 ವೋಲ್ಟ್ ತಿರುಪುಗಳು ತೆರೆದೇ ಇರುತ್ತವೆ, ಮುಚ್ಚಳವಿರುವ ಪೆಟ್ಟಿಗೆಯೊಳಗೆ ಇಟ್ಟೇ ಪ್ಲಗ್ ಹಾಕಿ. ಅಲ್ಲಿಂದ ಸರ್ವೋಗಳ ತನಕ ಮನೆ ವೈರಿಂಗಿನ 1 ಚದರ ಮಿ.ಮೀ. ವೈರು ಎಳೆಯಿರಿ. ಬ್ರೆಡ್‌ಬೋರ್ಡಿನ ಕೂದಲೆಳೆಯಂಥ ವೈರಿನಲ್ಲಿ ಒಳ್ಳೆ ಸಪ್ಲೈ ಕೂಡ ದಾರಿಯಲ್ಲೇ ಸೋರಿಹೋಗುತ್ತದೆ. ಸರ್ವೋಗಳ ಹತ್ತಿರವೇ 1000 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಕೂರಿಸಿ, ಕರೆಂಟು ಸ್ವಲ್ಪ ಕೂಡಿಟ್ಟು ಬೇಕಾದ ಕ್ಷಣಕ್ಕೆ ಕೊಡಲು. ಪಟ್ಟೆ ಇರುವ ಕಡೆ ಮೈನಸ್. ತಿರುಗಾಮುರುಗಾ ಹಾಕಿದರೆ ಉಬ್ಬಿ ಒಡೆಯುತ್ತದೆ. ಮರೆಯಲೇಬಾರದ ಒಂದು ವೈರು ಇದೆ: ಸಪ್ಲೈಯ ಮೈನಸ್ಸಿನಿಂದ ಊನೊದ ಗ್ರೌಂಡಿಗೆ. ಎರಡೂ ಗ್ರೌಂಡ್ ಸೇರದಿದ್ದರೆ ಸಿಗ್ನಲ್ ಎಷ್ಟೆಂದು ಅಳೆಯಲು ಸರ್ವೋಗೆ ನೆಲೆಯೇ ಸಿಗದೆ ಅದು ಕಂಡಕಂಡ ಕಡೆ ತಿರುಗುತ್ತದೆ.

ಇನ್ನು ಭಾರ. ಎಸ್‌ಜಿ90 ಪೆಟ್ಟಿಗೆಯ ಮೇಲೆ 1.8 ಕೆಜಿ-ಸೆಂ.ಮೀ. ಎಂದಿರುತ್ತದೆ, ಅಂದರೆ ನಡುವಿನಿಂದ 1 ಸೆಂ.ಮೀ. ದೂರದಲ್ಲಿ 1.8 ಕೆಜಿ. ಅದು ಸರ್ವೋ ಏದುಸಿರು ಬಿಟ್ಟು ನಿಂತುಹೋಗುವ ಮಿತಿ, ದಿನದ ದುಡಿಮೆಯ ಲೆಕ್ಕವಲ್ಲ. ಮೂರರಲ್ಲಿ ಒಂದು ಪಾಲು, ಅಂದರೆ 0.6 ಅಂತ ಇಟ್ಟುಕೊಳ್ಳಿ. ನಿಮ್ಮ ತಲೆ, ಕೊಕ್ಕು ಸೇರಿ 150 ಗ್ರಾಂ ಇದ್ದು, ತೂಕದ ನಡು ಕತ್ತಿನ ಕೀಲಿನಿಂದ 6 ಸೆಂ.ಮೀ. ಮುಂದಿದ್ದರೆ 0.15 × 6 = 0.9. ಆಗಲೇ ಮಿತಿ ಮೀರಿತು. ಅದೇ ತಲೆ 60 ಗ್ರಾಮಿಗೆ ಇಳಿದರೆ 0.36, ಎಸ್‌ಜಿ90 ನಗುನಗುತ್ತಾ ಹೊರುತ್ತದೆ.

ನೀವು ಆರಿಸಿದ ಹಕ್ಕಿ ಇಲ್ಲಿ ನಿಮ್ಮ ಪರವಾಗಿದೆ. ನಮ್ಮ ತೋಟಗಳಲ್ಲಿ ಗಹಗಹಿಸಿ ನಕ್ಕಂತೆ ಕೂಗುವ ಮಲಬಾರ್ ಬೂದು ಮಂಗಟ್ಟೆಗೆ ದೊಡ್ಡ ಮಂಗಟ್ಟೆಯ ಹಾಗೆ ಕೊಕ್ಕಿನ ಮೇಲೆ ಕಿರೀಟವಿಲ್ಲ. ಉದ್ದ ಸುಮಾರು 45 ಸೆಂ.ಮೀ., ಹಾಗಾಗಿ ನಿಜ ಗಾತ್ರದಲ್ಲೇ ಮಾಡಿದರೂ ಮೈಯೊಳಗೆ ಸರ್ವೋಗಳಿಗೆ ಜಾಗವಿರುತ್ತದೆ. ಕೊಕ್ಕನ್ನು ಥರ್ಮಾಕೋಲಿನಲ್ಲಿ ಕೆತ್ತಿ, ಮೇಲೆ ಮೂರು ಪದರ ಪೇಪರ್ ಅಂಟಿಸಿ. ರೆಕ್ಕೆ, ಬಾಲಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ಸಾಮಾನು ಅಂಗಡಿಯಲ್ಲಿ ಸಿಗುವುದು ಕಷ್ಟ: ನೆನೆಸಿ, ಬೇಕಾದ ಬಾಗಿಗೆ ಒತ್ತಿಟ್ಟು ಒಣಗಿಸಿದರೆ ಹಾಗೇ ನಿಲ್ಲುತ್ತದೆ, ಹಗುರವೂ ಹೌದು. ತೋಟದಲ್ಲಿ ಬಿದ್ದ ಕಾಡುಹಕ್ಕಿಯ ಗರಿ ಮಾತ್ರ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಬಿಸಿನೀರು, ಸೋಪಿನಲ್ಲಿ ತೊಳೆದು ಒಣಗಿಸಿದ ಕೋಳಿಪುಕ್ಕಕ್ಕೆ ಬಣ್ಣ ಹಾಕಿದರೆ ಸಾಕು.

ಹೊಸಬರು ಗಮನಿಸದೆ ಬಿಡುವ ಇನ್ನೊಂದು ಶಕ್ತಿ ತೋಳಿನ ತೂತಿನಲ್ಲಿದೆ. ಸರ್ವೋ ಸುಮಾರು 180 ಡಿಗ್ರಿ ತಿರುಗಬಲ್ಲದು, ಕತ್ತು ಬಗ್ಗಿಸಲು 30 ಸಾಕು. ಉಳಿದ ತಿರುವನ್ನು ಯಾಕೆ ಹಾಳು ಮಾಡಬೇಕು? ತಂತಿಯನ್ನು ಸರ್ವೋ ತೋಳಿನಲ್ಲಿ 8 ಮಿ.ಮೀ. ದೂರದ ತೂತಿಗೂ, ತಲೆಯ ಕಡೆ ಕೀಲಿನಿಂದ 16 ಮಿ.ಮೀ. ದೂರಕ್ಕೂ ಸಿಕ್ಕಿಸಿ. ತಲೆ ತಿರುಗುವ ಕೋನ ಅರ್ಧವಾಗುತ್ತದೆ, ಎತ್ತುವ ಬಲ ಎರಡು ಪಟ್ಟಾಗುತ್ತದೆ, ಗೇರಿನ ಸಡಿಲವೂ ಅರ್ಧದಷ್ಟೇ ಕಾಣುತ್ತದೆ. ತಂತಿ 1 ಮಿ.ಮೀ. ಸ್ಟೀಲಿನದ್ದಿರಲಿ. ಕೀಲಿಗೆ ಸೈಕಲ್ ಕಡ್ಡಿ, ಅದು ಅಲ್ಲಾಡದೆ ಸೇರುವ ಪ್ಲಾಸ್ಟಿಕ್ ಕೊಳವೆಯ ತುಂಡು. ಕತ್ತಿನ ಹಿಂದೆ ತೆಳುವಾದ ಒಂದು ಸ್ಪ್ರಿಂಗ್ ಕಟ್ಟಿ, ತಲೆಯ ತೂಕದ ಅರ್ಧದಷ್ಟನ್ನು ಅದು ಎಳೆದು ಹಿಡಿಯುವಂತೆ ನೋಡಿಕೊಳ್ಳಿ. ಕೀಲಿನ ಸಡಿಲವೂ ಯಾವಾಗಲೂ ಒಂದೇ ಕಡೆಗೆ ಎಳೆದುಕೊಂಡಿರುವುದರಿಂದ ಲಟಲಟ ನಿಲ್ಲುತ್ತದೆ. ಇಷ್ಟಾದರೂ ತಲೆ ಭಾರವೆನಿಸಿದರೆ ಮಾತ್ರ ಎಂಜಿ996ಆರ್ ಎಂಬ ದೊಡ್ಡ ಸರ್ವೋ ಹಾಕಿ. ಅದರ ಬಲ 9.4 ಕೆಜಿ-ಸೆಂ.ಮೀ., ಆದರೆ ಸರ್ವೋ ಒಂದೇ 55 ಗ್ರಾಂ ತೂಗುತ್ತದೆ, ತಡೆದು ನಿಂತರೆ ಎರಡು ಆಂಪಿನ ಮೇಲೆ ಎಳೆಯುತ್ತದೆ. ಅದನ್ನು ಹೊಟ್ಟೆಯಲ್ಲಿಡಿ, ತಲೆಯಲ್ಲಿ ಅಲ್ಲ.

ಕೋಡಿನ ಸರದಿ ಈಗ. ಡಿಎಫ್‌ಪ್ಲೇಯರ್ ಮಿನಿ ಎಂಬ ಸಣ್ಣ ಆಡಿಯೊ ಬೋರ್ಡಿನಿಂದ ಕೂಗು ಕೇಳಿಸುವ ಯೋಚನೆ ಇದ್ದರೆ ಒಂದು ಎಚ್ಚರ. ಅದಕ್ಕೆ ಆದೇಶ ಕಳಿಸುವ ಸಾಫ್ಟ್‌ವೇರ್ ಸೀರಿಯಲ್ ಲೈಬ್ರರಿ ಅಕ್ಷರ ಕಳಿಸುವಾಗ ಇಂಟರಪ್ಟ್ (ಕೈಲಿರುವ ಕೆಲಸ ಬಿಟ್ಟು ತುರ್ತು ಕೆಲಸ ನೋಡಲು ಚಿಪ್ಪಿಗೆ ಬರುವ ಕರೆ) ತಡೆಹಿಡಿಯುತ್ತದೆ, ಸರ್ವೋ ಲೈಬ್ರರಿ ನಂಬಿರುವುದು ಆ ಇಂಟರಪ್ಟನ್ನೇ. ಅದಕ್ಕೇ ಕೂಗು ಶುರುವಾಗುವಾಗ ಹಕ್ಕಿ ಬೆಚ್ಚಿಬೀಳುತ್ತದೆ. ಸರ್ವೋ ಓಡಿಸಲೆಂದೇ ಬಳಸುವ ಪಿಸಿಎ9685 ಬೋರ್ಡ್ ಹಾಕಿದರೆ, ಎಲ್ಲಿ ನಿಲ್ಲಬೇಕೆಂದು ಸರ್ವೋಗೆ ಹೇಳುವ ಪಲ್ಸುಗಳನ್ನು ಅದೇ ತಯಾರಿಸುತ್ತದೆ: 16 ಸರ್ವೋ ತನಕ, 20 ಮಿಲಿಸೆಕೆಂಡನ್ನು 4096 ಪಾಲು ಮಾಡಿ. ಮಧ್ಯದ 1.5 ಮಿಲಿಸೆಕೆಂಡಿಗೆ 307, 1ರಿಂದ 2 ಮಿಲಿಸೆಕೆಂಡಿಗೆ 205ರಿಂದ 410. ಇದರೊಳಗೇ ಇರಿ, ಕೊನೆಯ ತನಕ ತಳ್ಳಿದರೆ ಸರ್ವೋ ಒಳಗಿನ ತಡೆಗೆ ಒತ್ತಿಕೊಂಡು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಡಿಎಫ್‌ಪ್ಲೇಯರಿನ ಆರ್‌ಎಕ್ಸ್ ಕಾಲಿಗೆ (ಪಿನ್ನಿಗೆ) 1 ಕಿಲೋ ಓಮ್ ರೆಸಿಸ್ಟರ್ ಹಾಕಿ. ಹಾಡುವಾಗ ಅದರ ಬ್ಯುಸಿ ಕಾಲು ಸೊನ್ನೆಗೆ ಇಳಿಯುತ್ತದೆ. ಅದು ಸೊನ್ನೆ ಇರುವಷ್ಟು ಹೊತ್ತು ಮಾತ್ರ ಕೊಕ್ಕು ಆಡಿಸಿದರೆ ಕೂಗು, ಕೊಕ್ಕು ಜೊತೆಯಾಗುತ್ತವೆ.

ಚಲನೆಯ ವೇಗದಲ್ಲೇ ಹಲವರ ಹಕ್ಕಿ ಸೋಲುತ್ತದೆ. ನಯವಾಗಿರಲೆಂದು ಕತ್ತನ್ನು ಒಂದೇ ವೇಗದಲ್ಲಿ ನಿಧಾನಕ್ಕೆ ತಿರುಗಿಸುತ್ತಾರೆ, ಅದು ಟೇಬಲ್ ಫ್ಯಾನಿನಂತೆ ಕಾಣುತ್ತದೆ. ಹಕ್ಕಿಯ ಕಣ್ಣು ಗುಳಿಯೊಳಗೆ ಹೆಚ್ಚು ಹೊರಳುವುದಿಲ್ಲ, ನೋಡಬೇಕಾದ ಕಡೆಗೆ ತಲೆಯನ್ನೇ ಚಕ್ಕನೆ ತಿರುಗಿಸಿ ನಿಲ್ಲಿಸುತ್ತದೆ. 20ರಿಂದ 30 ಡಿಗ್ರಿಯನ್ನು 0.15 ಸೆಕೆಂಡಿನಲ್ಲಿ ತಿರುಗಿಸಿ, ಆಮೇಲೆ ಒಂದರಿಂದ ಮೂರು ಸೆಕೆಂಡು ಕಲ್ಲಿನಂತೆ ನಿಲ್ಲಿಸಿ. ಆ ನಿಲುವಿನ ಹೊತ್ತು ಪ್ರತಿ ಸಲ ಬೇರೆ ಇರಲಿ. ಜೀವ ಬರುವುದು ಆ ನಿಲುವಿನಲ್ಲೇ, ಸಣ್ಣ ನಡುಕವೂ ಎದ್ದು ಕಾಣುವುದು ಅಲ್ಲೇ.

ಕೊನೆಗೆ, ಅಡಿಕೆ ಹಾಳೆಯ ಎರಡೂ ಬದಿಗೆ, ಕತ್ತರಿಸಿದ ಅಂಚಿಗೂ ವಾರ್ನಿಷ್ ಹಚ್ಚಿ. ಜೂನಿನಿಂದ ಮಲೆನಾಡಿನ ಗಾಳಿಯೇ ಒದ್ದೆ. ಹಚ್ಚದ ಹಾಳೆ ತೇವ ಹೀರಿ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ಕೀಲು ಬಿಗಿಯುತ್ತದೆ. ಮಳೆಗಾಲದಲ್ಲಿ ನಡುಕ ಮರಳಿ ಬಂದರೆ ಮೊದಲು ತಂತಿ ಕಳಚಿ, ಕೀಲನ್ನು ಬೆರಳಲ್ಲಿ ಆಡಿಸಿ ನೋಡಿ.