ಪೆಟ್ಟಿಗೆಯ ಅರ್ಧವೇ ಪಟ್ಟಕವಾದರೆ ಮೇಲ್ಮೈಯೂ ಅರ್ಧವೇ?

ಪ್ರಶ್ನೆ: ಲಂಬಕೋನ ತ್ರಿಭುಜವನ್ನು ಪಾದವಾಗಿ ಉಳ್ಳ ಪಟ್ಟಕವೆಂದರೆ ಆಯತಘನವನ್ನು ಮೂಲೆಯಿಂದ ಮೂಲೆಗೆ ಸೀಳಿದಾಗ ಸಿಗುವ ಅರ್ಧ ಭಾಗ. ಹಾಗಿರುವಾಗ ಆಯತಘನದ ಮೇಲ್ಮೈ ವಿಸ್ತೀರ್ಣವನ್ನು ಎರಡರಿಂದ ಭಾಗಿಸಿದ ನನ್ನ ಮಗಳಿಗೆ ಅಂಕ ಏಕೆ ಸಿಗಲಿಲ್ಲ?

ಉತ್ತರ: ಉತ್ತರ ತಪ್ಪಾಗಿದ್ದುದರಿಂದ. ಪ್ರತಿ ವರ್ಷ ಪರೀಕ್ಷೆಗೆ ಒಂದು ವಾರವಿರುವಾಗ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಜಯನಗರದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗಲೂ ಒಬ್ಬ ತಂದೆಗೆ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದು ತೋರಿಸಿದ್ದೇನೆ.

ವಿಧಾನದಲ್ಲಿ ಗೂಢವಾದದ್ದೇನೂ ಇಲ್ಲ. ಪಟ್ಟಕಕ್ಕೆ ಐದು ಮುಖಗಳು: ಎರಡು ಸರ್ವಸಮ ತ್ರಿಭುಜಗಳು, ಮೂರು ಆಯತಗಳು. ತ್ರಿಭುಜದ ಸುತ್ತಳತೆಯನ್ನು ಪಟ್ಟಕದ ಉದ್ದದಿಂದ ಗುಣಿಸಿ, ಆ ಗುಣಲಬ್ಧಕ್ಕೆ ಎರಡೂ ತ್ರಿಭುಜಗಳ ವಿಸ್ತೀರ್ಣವನ್ನು ಕೂಡಿದರೆ ಮುಗಿಯಿತು. ಬಾಹುಗಳು 3, 4, 5 ಅಂಗುಲ, ಉದ್ದ 10 ಅಂಗುಲವಾದರೆ ಆಯತಗಳಿಂದ 120, ತ್ರಿಭುಜಗಳಿಂದ 12, ಒಟ್ಟು 132 ಚದರ ಅಂಗುಲ. ತ್ರಿಭುಜದ ಎತ್ತರವನ್ನೂ ಪಟ್ಟಕದ ಉದ್ದವನ್ನೂ ಅದಲುಬದಲು ಮಾಡಬಾರದೆಂಬುದೊಂದೇ ಎಚ್ಚರಿಕೆ.

ಈಗ ಆ ಅರ್ಧದ ಭ್ರಮೆಗೆ ಬರೋಣ. 3, 4, 10 ಅಂಗುಲದ ಆಯತಘನದ ಮೇಲ್ಮೈ 164 ಚದರ ಅಂಗುಲ. ಅದರ ಅರ್ಧ 82. ನಮಗೆ ಬೇಕಾದ 132ಕ್ಕೆ 50 ಕಡಿಮೆ. ಆ 50 ಎಲ್ಲಿ ಹೋಯಿತೆಂದು ತಿಳಿಯಲು ಬೀದಿ ಕೊನೆಯ ಅಯ್ಯಂಗಾರ್ ಬೇಕರಿಯಿಂದ ಹೋಳು ಮಾಡದ ಒಂದು ಬ್ರೆಡ್ ತನ್ನಿ. ಮೇಲಿನ ಉಬ್ಬನ್ನು ಲೆಕ್ಕಕ್ಕೆ ಹಿಡಿಯದೆ, ಅದನ್ನು ಮೇಲೆ ಹೇಳಿದ ಅಳತೆಯ ಆಯತಘನವೆಂದು ಭಾವಿಸಿ, ಉದ್ದಕ್ಕೂ ಓರೆಯಾಗಿ, ಎದುರುಬದುರಿನ ಎರಡು ಅಂಚುಗಳ ನಡುವೆ ಚಾಕು ಹಾಯಿಸಿ ಸೀಳಿ. ಕಂದು ಹೊರಪದರ ಎರಡೂ ತುಂಡುಗಳಿಗೆ ಸಮನಾಗಿ ಹಂಚಿಹೋಗಿರುತ್ತದೆ, ಪ್ರತಿಯೊಂದಕ್ಕೂ 82 ಚದರ ಅಂಗುಲ. ಆದರೆ ಚಾಕು ಹಾಯ್ದ ಕಡೆ, ಇಲ್ಲಿಯವರೆಗೆ ಬ್ರೆಡ್ಡಿನ ಹೊಟ್ಟೆಯೊಳಗಿದ್ದ ಬಿಳಿಯ ಮೈಯೊಂದು ಹೊರಬಿದ್ದಿದೆ. ಅದರ ಅಗಲ ತ್ರಿಭುಜದ ವಿಕರ್ಣವಾದ 5, ಉದ್ದ 10. ಕಳೆದುಹೋದ 50 ಅದೇ. ಘನಫಲ ಮಾತ್ರ ನಿಜವಾಗಿಯೂ ಅರ್ಧವಾಗುತ್ತದೆ, 120ರಿಂದ 60 ಘನ ಅಂಗುಲಕ್ಕೆ, ಏಕೆಂದರೆ ಚಾಕು ಹೊಸ ಬ್ರೆಡ್ಡನ್ನು ಸೃಷ್ಟಿಸುವುದಿಲ್ಲ. ಮೇಲ್ಮೈಯನ್ನು ಸೃಷ್ಟಿಸುತ್ತದೆ. ನಿಮ್ಮ ಮಗಳು ಲೆಕ್ಕ ಹಾಕಿದ್ದು ಕಂದು ಪದರವನ್ನು ಮಾತ್ರ. ಆ ಲೆಕ್ಕದಲ್ಲಿ ಅವಳ ಗುಣಾಕಾರ ತಪ್ಪಿಲ್ಲವೆಂಬುದನ್ನು ದಯವಿಟ್ಟು ಅವಳಿಗೆ ಹೇಳಿ.

ಯಾರೂ ಕೇಳದಿದ್ದರೂ ಇನ್ನೊಂದು ಮಾತನ್ನು ಹೇಳಬೇಕೆನಿಸುತ್ತದೆ. ಅದೇ ಬ್ರೆಡ್ಡನ್ನು ಉದ್ದದ ನಟ್ಟನಡುವೆ ಅಡ್ಡಲಾಗಿ ಕತ್ತರಿಸಿದರೂ ಪ್ರತಿ ತುಂಡಿನ ಘನಫಲ 60 ಘನ ಅಂಗುಲವೇ, ಆದರೆ ಹೊಸದಾಗಿ ತೆರೆದುಕೊಳ್ಳುವ ಮುಖ ಕೇವಲ 12 ಚದರ ಅಂಗುಲ. ಮೇಲ್ಮೈ 94ಕ್ಕೇ ನಿಲ್ಲುತ್ತದೆ. ಒಂದೇ ತೂಕದ ಎರಡು ತುಂಡುಗಳಲ್ಲಿ ಓರೆಯಾಗಿ ಸೀಳಿದ್ದು ಗಾಳಿಗೆ ಒಡ್ಡುವ ಬಿಳಿಯ ಮೈ ನಾಲ್ಕು ಪಟ್ಟಿಗೂ ಹೆಚ್ಚು. ಕಳೆದ ವರ್ಷ ಎಂಟನೇ ತರಗತಿಯ ಮಕ್ಕಳ ಮುಂದೆ ಬೆಳಿಗ್ಗೆ ನಾನು ಸೀಳಿದ ಬ್ರೆಡ್ಡು ಸಂಜೆಯ ವೇಳೆಗೆ ಎಷ್ಟು ಒಣಗಿತ್ತೆಂದರೆ, ಅದನ್ನು ಕಾಫಿಯಲ್ಲಿ ಅದ್ದಿಯೇ ತಿನ್ನಬೇಕಾಯಿತು.