ಸೆಕ್ರೆಟೇರಿಯಟ್‌ನ ಹೆಣ್ಣುಮಕ್ಕಳು

ಕಳೆದ ಮಳೆಗಾಲದಲ್ಲಿ ಹೊನ್ನಾವರದ ನಮ್ಮ ಪಕ್ಕದ ಮನೆಯ ದನ ಬೆದೆಗೆ ಬಂದಿತ್ತು. ಇಂಜೆಕ್ಷನ್ ಹಾಕಲು ಪಶುವೈದ್ಯರು ಬಂದರು. ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಬಿಳಿ ಹಬೆ ಉಕ್ಕಿ ಕೊಟ್ಟಿಗೆಯ ನೆಲಕ್ಕೆ ಇಳಿಯಿತು. ಒಳಗಿದ್ದದ್ದು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕ. ಅದರಿಂದ ಹೋರಿಯ ವೀರ್ಯ ತುಂಬಿದ ಒಂದು ಸಪೂರ ಕಡ್ಡಿ ಎತ್ತಿ ಬೆಚ್ಚಗಿನ ನೀರಲ್ಲಿ ಅದ್ದಿದರು. ಮನೆಯ ಅಕ್ಕ ಹೋರಿ ಯಾವ ತಳಿ ಅಂತ ಕೇಳಲೇ ಇಲ್ಲ. ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಈ ಹೋರಿಯ ತಾಯಿ ಎಷ್ಟು ಹಾಲು ಕೊಡ್ತಿತ್ತು?"

ಎಂಥ ಒಳ್ಳೆಯ ಪ್ರಶ್ನೆ! ಹೋರಿ ಹಾಲು ಕೊಡುವುದಿಲ್ಲ, ಆದರೆ ಹಾಲಿನ ಗುಣವನ್ನು ಮಗಳಿಗೆ ದಾಟಿಸುತ್ತದೆ. ಅಮೆರಿಕದ ಸೆಕ್ರೆಟೇರಿಯಟ್ ಎಂಬ ರೇಸ್ ಕುದುರೆಯ ಕಥೆಯೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ಅದು ಹುಟ್ಟಿದ್ದು 1970ರ ಮಾರ್ಚ್ 30ರಂದು, ವರ್ಜೀನಿಯಾದಲ್ಲಿ. ಕೆಂಪು ಮೈ, ಹಣೆಯಲ್ಲಿ ಬಿಳಿ ನಾಮ, ಮೂರು ಕಾಲಿಗೆ ಬಿಳಿ ಸಾಕ್ಸು. ಎರಡು ವರ್ಷಕ್ಕೇ ಅಮೆರಿಕದ ವರ್ಷದ ಕುದುರೆ ಅನ್ನಿಸಿಕೊಂಡಿತು. ಒಟ್ಟು ಓಡಿದ್ದು 21 ರೇಸು, ಗೆದ್ದದ್ದು 16.

ಅದರಲ್ಲಿ 1973ರ ಕೆಂಟುಕಿ ಡರ್ಬಿಯನ್ನು ನೋಡಬೇಕು. ಒಂದೂಕಾಲು ಮೈಲಿಯ ಓಟ, ಅಂದರೆ ಸುಮಾರು 2 ಕಿಲೋಮೀಟರ್. ಯಾವ ಕುದುರೆಯಾದರೂ ಶುರುವಿನಲ್ಲಿ ಜೋರಾಗಿ ಓಡಿ ಕೊನೆಗೆ ಸುಸ್ತಾಗುತ್ತದೆ, ಅಲ್ವಾ? ಸೆಕ್ರೆಟೇರಿಯಟ್ ಮೊದಲ ಕಾಲು ಮೈಲಿಗೆ ತೆಗೆದುಕೊಂಡದ್ದು 25.2 ಸೆಕೆಂಡ್. ಆಮೇಲೆ 24. ಆಮೇಲೆ 23.8, 23.4. ಕೊನೆಯ ಕಾಲು ಮೈಲಿ 23 ಸೆಕೆಂಡ್. ಓಡುತ್ತಾ ಓಡುತ್ತಾ ವೇಗ ಏರುತ್ತಲೇ ಹೋಯಿತು! ಈ ಐದು ಸಂಖ್ಯೆಗಳನ್ನು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮುಂದಿನ ತಿಂಗಳು ಬೆಲ್ಮಂಟ್ ಎಂಬ ರೇಸಿನ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿ, 31 ಕುದುರೆಯುದ್ದ ಮುಂದಿದ್ದು ಗೆದ್ದಿತು. ಡರ್ಬಿಯದೂ ಬೆಲ್ಮಂಟ್‌ನದೂ, ಎರಡೂ ಓಟದ ವೇಗದ ದಾಖಲೆ ಇವತ್ತಿಗೂ ಹಾಗೇ ಇವೆ.

ಇಷ್ಟು ಕಸುವು ಎಲ್ಲಿಂದ ಬಂತು? ಕುದುರೆಯ ಮೈ ಒಳಗೆ ಇಣುಕೋಣ.

ಕುದುರೆ ಬಾಯಲ್ಲಿ ಉಸಿರಾಡುವುದಿಲ್ಲ, ಮೂಗಲ್ಲಿ ಮಾತ್ರ. ನಾಗಾಲೋಟದಲ್ಲಿ ಒಂದು ಹೆಜ್ಜೆಸುತ್ತಿಗೆ ಒಂದೇ ಉಸಿರು. ಹಿಂಗಾಲು ತಳ್ಳಿ ಮೈ ಹಿಗ್ಗಿದಾಗ ಗಾಳಿ ಒಳಗೆ, ಮುಂಗಾಲು ಊರಿದಾಗ ಹೊರಗೆ. ಕಮ್ಮಾರನ ತಿದಿ ಒತ್ತಿದ ಹಾಗೆ. ಇನ್ನು ರಕ್ತ. ಕುದುರೆಯ ಗುಲ್ಮ, ಅಂದರೆ ಸ್ಪ್ಲೀನ್, ಒಂದು ಉಗ್ರಾಣ ಇದ್ದಂತೆ. ಸುಮ್ನೆ ನಿಂತಾಗ ಕೆಂಪು ರಕ್ತಕಣಗಳ ದೊಡ್ಡ ಪಾಲು ಅಲ್ಲಿ ಕೂಡಿಟ್ಟಿರುತ್ತದೆ. ಓಟ ಶುರುವಾದಾಗ ಗುಲ್ಮ ಹಿಂಡಿಕೊಂಡು ಅದನ್ನೆಲ್ಲ ಹೊರಗೆ ಬಿಡುತ್ತದೆ. ಆಮ್ಲಜನಕ ಹೊರುವ ಶಕ್ತಿ ಹೆಚ್ಚುತ್ತದೆ, ಆದರೆ ರಕ್ತ ಗಂಜಿಯ ಹಾಗೆ ಮಂದವಾಗುತ್ತದೆ. ಆ ಮಂದ ರಕ್ತವನ್ನು ತಳ್ಳುವ ಕೆಲಸ ಹೃದಯದ್ದು. ನಿಂತಾಗ ನಿಮಿಷಕ್ಕೆ ಮೂವತ್ತು, ನಲವತ್ತು ಸಲ ಬಡಿಯುವುದು ಓಟದಲ್ಲಿ 220 ದಾಟುತ್ತದೆ. ಅಷ್ಟು ಅವಸರದಲ್ಲೂ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ಹೋಗಬೇಕಾದರೆ ಹೃದಯ ದೊಡ್ಡದೇ ಇರಬೇಕು.

ಸೆಕ್ರೆಟೇರಿಯಟ್‌ನದು ದೊಡ್ಡದಿತ್ತು. 1989ರ ಅಕ್ಟೋಬರ್ 4ರಂದು ಗೊರಸಿನ ಕಾಯಿಲೆ ವಿಪರೀತವಾಗಿ ಅದಕ್ಕೆ ದಯಾಮರಣ ಕೊಟ್ಟರು. ಗೊರಸಿನ ಚಿಪ್ಪನ್ನೂ ಒಳಗಿನ ಎಲುಬನ್ನೂ ಹಿಡಿದಿಡುವ ಪದರಗಳು ಊದಿ ಬಿಡುವ ಈ ಕಾಯಿಲೆಯ ನೋವು ತಡೆಯಲಾಗದ್ದು. ಶವಪರೀಕ್ಷೆ ಮಾಡಿದ ಪಶುವೈದ್ಯ ಥಾಮಸ್ ಸ್ವೆರ್ಜೆಕ್ ಹೃದಯವನ್ನು ತೂಗಲಿಲ್ಲ. ಕಣ್ಣಂದಾಜಿನಲ್ಲಿ ಸುಮಾರು 10 ಕಿಲೋ ಎಂದರು. ಮಾಮೂಲಿ ರೇಸ್ ಕುದುರೆಯದು 4 ಕಿಲೋ ಆಸುಪಾಸು. ಕಾಯಿಲೆಯಿಂದ ಊದಿದ್ದಲ್ಲ, ಆರೋಗ್ಯವಾಗಿಯೇ ಇತ್ತು. ಹದವಾದ ಒಂದು ಹಲಸಿನಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಅಂದಾಜಾಗುತ್ತದೆ.

ಇಂಥ ಕುದುರೆಯ ಮರಿಗಳ ಮೇಲೆ ಆಸೆ ಸಹಜ. 1973ರ ಶುರುವಿನಲ್ಲೇ, ಈ ದೊಡ್ಡ ಗೆಲುವುಗಳಿಗೂ ಮೊದಲೇ, ಅದನ್ನು 32 ಪಾಲು ಮಾಡಿ 60.8 ಲಕ್ಷ ಡಾಲರಿಗೆ ಮಾರಿದ್ದರು. ಆ ವರ್ಷ ಮುಗಿಯುವುದರೊಳಗೆ ರೇಸು ಬಿಡಿಸಿ ತಳಿಗೆ ಕಳಿಸಬೇಕು ಎಂಬುದು ಕರಾರು. ಥರೋಬ್ರೆಡ್ ಎಂಬ ಈ ರೇಸ್ ತಳಿಯ ಕುದುರೆಗೆ ನಮ್ಮ ದನದ ಹಾಗೆ ಇಂಜೆಕ್ಷನ್ ನಡೆಯುವುದಿಲ್ಲ. ಗಂಡನ್ನೇ ಹಾಯಿಸಬೇಕು, ಇಲ್ಲದಿದ್ದರೆ ಮರಿಯ ಹೆಸರು ತಳಿಯ ವಂಶಾವಳಿ ಪುಸ್ತಕಕ್ಕೆ ಏರುವುದಿಲ್ಲ.

ಈ ಪುಸ್ತಕದ ಬಗ್ಗೆ ಒಂದು ಮಾತು. ನಮ್ಮ ಕರಾವಳಿಗೆ ಕುದುರೆ ಹೊಸದಲ್ಲ. ವಿಜಯನಗರಕ್ಕೆ ಅರಬ್ಬಿ ಕುದುರೆಗಳು ಇಳಿಯುತ್ತಿದ್ದುದು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲೇ. ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ, ಬಾಲ ತಂದು ತೋರಿಸಿದರೆ ಸಾಕಿತ್ತು ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅಂಥದ್ದೇ ಅರಬ್ಬಿ ಕುದುರೆಯೊಂದು 1704ರಲ್ಲಿ ಅಲೆಪ್ಪೊದಿಂದ ಇಂಗ್ಲೆಂಡಿಗೆ ಹೋಯಿತು. ಇವತ್ತಿನ ಹೆಚ್ಚುಕಡಿಮೆ ಎಲ್ಲ ಥರೋಬ್ರೆಡ್ ಗಂಡುಗಳ ಮೂಲಪುರುಷ ಅದೇ. ಅಲ್ಲಿಯವರು ವಂಶಾವಳಿಯ ಪುಸ್ತಕ ಇಟ್ಟರು, ಅದೂ ತಾಯಂದಿರ ಹೆಸರಿನ ಕೆಳಗೆ ಮರಿಗಳನ್ನು ಬರೆದು. ಆ ಕ್ರಮ ನನಗೆ ಬಹಳ ಇಷ್ಟ.

ಸೆಕ್ರೆಟೇರಿಯಟ್‌ಗೆ 600ಕ್ಕೂ ಹೆಚ್ಚು ಮರಿಗಳಾದವು. ಒಳ್ಳೆಯವೂ ಇದ್ದವು. ಮಗಳು ಲೇಡೀಸ್ ಸೀಕ್ರೆಟ್ 1986ರ ವರ್ಷದ ಕುದುರೆ. ಮಗ ರಿಸನ್ ಸ್ಟಾರ್ 1988ರಲ್ಲಿ ಬೆಲ್ಮಂಟ್ ಗೆದ್ದಿತು. ಆದರೆ ಅಪ್ಪನಂಥದ್ದು ಒಂದೂ ಹುಟ್ಟಲಿಲ್ಲ. ತಳಿಗೆ ಬಾರದ ಕುದುರೆ ಅಂತ ಜನ ಮುಖ ಸಿಂಡರಿಸಿದರು.

ಅಷ್ಟರಲ್ಲಿ ಹೆಣ್ಣುಮಕ್ಕಳು ತಾಯಂದಿರಾಗಿದ್ದರು. ಟರ್ಲಿಂಗ್ವಾಗೆ ಸ್ಟಾರ್ಮ್ ಕ್ಯಾಟ್, ಸೀಕ್ರೆಟೇಮ್‌ಗೆ ಗಾನ್ ವೆಸ್ಟ್, ವೀಕೆಂಡ್ ಸರ್ಪ್ರೈಸ್‌ಗೆ ಎ.ಪಿ. ಇಂಡಿ. ಮೂರೂ ಮುಂದೆ ಹೆಸರಾಂತ ತಳಿ ಕುದುರೆಗಳಾದವು.

ಯಾಕೆ ಹೀಗೆ? ಕೆಲವರು ದೊಡ್ಡ ಹೃದಯದ ಗುಣ ಎಕ್ಸ್ ವರ್ಣತಂತುವಿನಲ್ಲಿದೆ ಎನ್ನುತ್ತಾರೆ. ಅಪ್ಪನ ಎಕ್ಸ್ ಮಗಳಿಗೆ ಮಾತ್ರ ಹೋಗುತ್ತದೆ, ಮಗನಿಗೆ ಹೋಗುವುದು ವೈ. ಆದ್ದರಿಂದ ಹೃದಯ ಮಗಳ ಮೂಲಕ ಮೊಮ್ಮಗನಿಗೆ ದಾಟಿತು ಅನ್ನುವ ವಾದ. ಕೇಳಲು ಚೆಂದ, ಆದರೆ ಸಾಬೀತಾಗಿಲ್ಲ. ಹೃದಯದ ಗಾತ್ರವನ್ನು ಒಂದೇ ವರ್ಣತಂತು ತೀರ್ಮಾನಿಸುತ್ತದೆ ಎಂದು ನನಗೂ ಅನ್ನಿಸುವುದಿಲ್ಲ. ಸಿಯಾಟಲ್ ಸ್ಲೂ, ಮಿಸ್ಟರ್ ಪ್ರಾಸ್ಪೆಕ್ಟರ್‌ನಂಥ ಒಳ್ಳೆಯ ಗಂಡುಗಳ ಜೊತೆ ಈ ಹೆಣ್ಣುಗಳ ಕೂಡಿಕೆ ಆಯಿತಲ್ಲ, ಆ ಕಾರಣಕ್ಕೇ ಹೆಚ್ಚು ತೂಕ ಇದೆ.

ಎ.ಪಿ. ಇಂಡಿ ಹುಟ್ಟಿದ್ದು 1989ರ ಮಾರ್ಚ್ 31ರಂದು, ಅಜ್ಜನ ಹುಟ್ಟಿದ ದಿನದ ಮಾರನೇ ದಿನ. ಅಜ್ಜ ಇನ್ನೂ ಆರು ತಿಂಗಳು ಬದುಕಿತ್ತು. 1992ರಲ್ಲಿ ಅದೇ ಬೆಲ್ಮಂಟ್‌ನ ಅದೇ ಒಂದೂವರೆ ಮೈಲಿಯಲ್ಲಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ್ದು ಈ ಮಗಳ ಮಗ.