ಜಾನ್, ಪಾಲ್ ಮತ್ತು ಒಂದು ಗಿಟಾರ್

ಇಂಗ್ಲೆಂಡಿನ ಬ್ಯಾಂಡ್ ಬೀಟಲ್ಸ್‌ನ ಹಾಡು ಕಲಿಯಲು ಶುರು ಮಾಡಿದ ಎರಡನೇ ವಾರಕ್ಕೇ ನನ್ನ ಗಿಟಾರ್ ತರಗತಿಯ ಹುಡುಗರು ಒಂದು ಪ್ರಶ್ನೆ ಹೊತ್ತು ಬರುತ್ತಾರೆ. 'ಸರ್, ಜಾನ್ ಲೆನನ್ ದೊಡ್ಡವರಾ, ಪಾಲ್ ಮೆಕಾರ್ಟ್ನಿ ದೊಡ್ಡವರಾ?' ಬ್ಯಾಂಡಿನ ಹೆಚ್ಚಿನ ಹಾಡು ಬರೆದವರು ಈ ಇಬ್ಬರು. ಗೊಂದಲಕ್ಕೆ ಕಾರಣ ಇದೆ. ಹಾಡನ್ನು ಒಬ್ಬರೇ ಬರೆದಿದ್ದರೂ ಅದರ ಕೆಳಗೆ 'ಲೆನನ್-ಮೆಕಾರ್ಟ್ನಿ' ಅಂತಲೇ ಇರುತ್ತದೆ. 1957ರ ಜುಲೈನಲ್ಲಿ ಲಿವರ್‌ಪೂಲ್‌ನ ಒಂದು ಚರ್ಚ್ ಜಾತ್ರೆಯಲ್ಲಿ ಇಬ್ಬರೂ ಮೊದಲು ಭೇಟಿಯಾದಾಗ ಜಾನ್‌ಗೆ 16, ಪಾಲ್‌ಗೆ 15. ಯಾರು ಬರೆದರೂ ಇಬ್ಬರ ಹೆಸರೂ ಹಾಕುವುದು ಅಂತ ಹುಡುಗರಾಗಿದ್ದಾಗ ಮಾಡಿಕೊಂಡ ಒಪ್ಪಂದವನ್ನು ಬ್ಯಾಂಡ್ ಇರುವ ತನಕ ಉಳಿಸಿಕೊಂಡರು.

ಸಾಮಾನ್ಯವಾಗಿ ಎಲ್ಲರೂ ಕೊಡುವ ಉತ್ತರ ಒಂದಿದೆ: ಪಾಲ್ ಮೃದು, ಜಾನ್ ಒರಟು. ಇದನ್ನು ನಾನು ಒಪ್ಪುವುದಿಲ್ಲ. 1968ರ 'ವೈಟ್ ಆಲ್ಬಮ್' ತೆಗೆದುಕೊಳ್ಳಿ. ಅದರಲ್ಲಿ ಕಿವಿ ಗುಯ್ಗುಡುವಷ್ಟು ಗದ್ದಲದ 'ಹೆಲ್ಟರ್ ಸ್ಕೆಲ್ಟರ್' ಬರೆದವರು ಪಾಲ್. ಕೊನೆಯಲ್ಲಿ ಬರುವ ಜೋಗುಳ 'ಗುಡ್ ನೈಟ್' ಜಾನ್ ಅವರದ್ದು. ಐದು ವರ್ಷದ ಮಗ ಜೂಲಿಯನ್‌ಗಾಗಿ ಬರೆದರು, ಬ್ಯಾಂಡಿನ ಡ್ರಮ್ಮರ್ ರಿಂಗೋ ಕೈಲಿ ಹಾಡಿಸಿದರು. ಸ್ವಭಾವ ನೋಡಿ ಹಾಡು ಯಾರದ್ದು ಅಂತ ಹೇಳಲು ಹೊರಟರೆ ಇಲ್ಲೇ ತಪ್ಪುತ್ತೇವೆ.

ನಾನು ಸ್ವರದ ನಡಿಗೆ ನೋಡುತ್ತೇನೆ. ಅದಕ್ಕೆ ಅದೇ ಆಲ್ಬಮ್‌ನ ಎರಡನೇ ಬದಿಯಲ್ಲಿರುವ ಎರಡು ಹಾಡು ಸಾಕು. ಪಾಲ್ ಅವರ 'ಬ್ಲ್ಯಾಕ್‌ಬರ್ಡ್', ಜಾನ್ ಅವರ 'ಜೂಲಿಯಾ'. ಎರಡರಲ್ಲೂ ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಬ್ಯಾಂಡಿನ ಬೇರೆ ಯಾರೂ ಇಲ್ಲ. ಒಬ್ಬ ಮನುಷ್ಯ, ಅವರ ಗಿಟಾರ್, ಅಷ್ಟೇ. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ, ಅಲ್ವಾ?

'ಬ್ಲ್ಯಾಕ್‌ಬರ್ಡ್' ಮೊದಲು. ಹುಡುಗರಾಗಿದ್ದಾಗ ಪಾಲ್ ಮತ್ತು ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್, ಯುರೋಪಿನ ಶಾಸ್ತ್ರೀಯ ಸಂಗೀತಗಾರ ಬಾಖ್ ಅವರ ಒಂದು ಪುಟ್ಟ ಕೃತಿಯನ್ನು ಗಿಟಾರ್ ಮೇಲೆ ನುಡಿಸಲು ನೋಡುತ್ತಿದ್ದರು. ಕೆಳಗೊಂದು ಸ್ವರ, ಮೇಲೊಂದು ಸ್ವರ, ಎರಡೂ ಜೋಡಿಯಾಗಿ ನಡೆಯುವುದು ಅದರ ಸೊಗಸು. ಅದೇ ಈ ಹಾಡಿನ ಬೀಜ. ಹೆಬ್ಬೆರಳು ಕೆಳಸ್ವರವನ್ನು, ತೋರುಬೆರಳು ಮೇಲಿನದನ್ನು ಮೀಟುತ್ತದೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಮಂದ್ರದ ಸ, ಅದರ ಮೇಲಿನ ಸ್ಥಾಯಿಯ ಗ. ಆಮೇಲೆ ರಿ-ಮ, ಆಮೇಲೆ ಗ-ಪ. ಅಲ್ಲಿಂದ ಎಡಗೈ ಗಿಟಾರ್ ಕತ್ತಿನ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಒಂದೇ ಸಲಕ್ಕೆ 10-12ನೇ ಫ್ರೆಟ್‌ಗೆ ಜಾರುತ್ತದೆ. ಈ ಓಡಾಟದ ನಡುವೆ ಮೂರನೇ ತಂತಿಯನ್ನು ಒತ್ತದೆ ಬಿಟ್ಟಿರುತ್ತಾರೆ. ಅದು ಹಾಡಿನ ಷಡ್ಜ. ತಂಬೂರಿಯ ಹಾಗೆ ಮಧ್ಯೆ ಮಿಡಿಯುತ್ತಲೇ ಇರುತ್ತದೆ.

ಇನ್ನೂ ಹತ್ತಿರದಿಂದ ನೋಡಿ. ಮುರಿದ ರೆಕ್ಕೆಯಲ್ಲೇ ಹಾರಲು ಕಲಿ ಅನ್ನುವ ಸಾಲು ಬರುತ್ತದಲ್ಲ, ಅಲ್ಲಿ ಐದನೇ ತಂತಿಯ ಮೇಲೆ ಬೆರಳು 3, 4, 5, 6, 7 ಅಂತ ಒಂದೊಂದೇ ಫ್ರೆಟ್ ಏರುತ್ತದೆ. ಒಂದನ್ನೂ ಹಾರಿಸುವುದಿಲ್ಲ. ಹಕ್ಕಿ ನೆಲ ಬಿಟ್ಟೇಳುವ ಕಷ್ಟ ಮಾತಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟ ಮನಸ್ಸಿನಲ್ಲಿತ್ತು ಅಂತ ಪಾಲ್ ಆಮೇಲೆ ಹೇಳಿದ್ದಾರೆ. ಅದು ಗೊತ್ತಿದ್ದರೆ ಈ ಐದು ಮೆಟ್ಟಿಲಿಗೆ ಇನ್ನಷ್ಟು ತೂಕ ಬರುತ್ತದೆ. ತಾಳಕ್ಕೆ ಇರುವುದು ಅವರು ಕಾಲಿನಿಂದ ನೆಲ ತಟ್ಟುವ ಸದ್ದು ಮಾತ್ರ.

ಈಗ 'ಜೂಲಿಯಾ'. ಜಾನ್‌ಗೆ 17 ವರ್ಷ ಇದ್ದಾಗ, 1958ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡ ತಾಯಿಯ ಹೆಸರು ಅದು. ಪಾಲ್ ಕೂಡ 14ಕ್ಕೇ ತಾಯಿಯನ್ನು ಕಳೆದುಕೊಂಡವರು. ಈ ನೋವು ಇಬ್ಬರನ್ನೂ ಹತ್ತಿರ ತಂದಿತ್ತು. ಇದರ ಬೆರಳಾಟ ಜಾನ್ ಕೈಗೆ ಬಂದದ್ದು ನಮ್ಮ ದೇಶದಲ್ಲಿ. 1968ರಲ್ಲಿ ಋಷಿಕೇಶದ ಆಶ್ರಮದಲ್ಲಿದ್ದಾಗ ಗಾಯಕ ಡೊನೊವನ್ ಅವರಿಂದ ಜಾನ್ ಒಂದೊಂದೇ ತಂತಿ ಮೀಟುವ ಈ ಕ್ರಮ ಕಲಿತರು.

ಮೊದಲ ಸಾಲನ್ನು ಗಿಟಾರ್ ಇಲ್ಲದೆ ಸುಮ್ನೆ ಗುನುಗಿ ನೋಡಿ. ಹಾಡು ಅಂತಲೇ ಅನಿಸುವುದಿಲ್ಲ. ಒಂದೇ ಸ್ವರ, ಪಂಚಮ, ಮತ್ತೆ ಮತ್ತೆ. ಯಾರೋ ತಮ್ಮಷ್ಟಕ್ಕೆ ಮಾತಾಡಿಕೊಂಡ ಹಾಗೆ. ಈಗ ಗಿಟಾರ್ ಸೇರಿಸಿ. ಸ್ವರ ಅಲ್ಲೇ ಇದೆ, ಅದರ ಕೆಳಗಿನ ಕಾರ್ಡ್ ಬದಲಾಗುತ್ತದೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಮೊದಲ ಗುಂಪಿನಲ್ಲಿ ಆ ಪಂಚಮ ನೆಮ್ಮದಿಯಾಗಿ ಕೂತಿರುತ್ತದೆ. ಎರಡನೆಯದರಲ್ಲಿ ಅದೇ ಸ್ವರ ಸ್ವಲ್ಪ ಅನಾಥವಾಗಿ ಕೇಳಿಸುತ್ತದೆ. ಮೂರನೆಯದರಲ್ಲಿ ದುಃಖ ಬಂದು ಸೇರುತ್ತದೆ. ಜಾನ್ ಗಂಟಲು ಕದಲಿಲ್ಲ, ಆದರೆ ಕೇಳುವವರ ಮನಸ್ಸು ಮೂರು ಕಡೆ ಹೋಗಿ ಬಂತು. ತಾಯಿಯ ಹೆಸರು ಹಿಡಿದು ಕರೆಯುವಾಗ ಮಾತ್ರ ಸ್ವರ ನಿಂತ ಜಾಗ ಬಿಟ್ಟು ಹೊರಡುತ್ತದೆ.

ನನ್ನ ಮಟ್ಟಿಗೆ ಇಬ್ಬರ ಪ್ರತಿಭೆಯ ವ್ಯತ್ಯಾಸ ಇಲ್ಲಿದೆ. ಪಾಲ್ ಅವರ ಟ್ಯೂನ್‌ಗೆ ತನ್ನದೇ ಕಾಲಿದೆ. ಏರುತ್ತದೆ, ಇಳಿಯುತ್ತದೆ, ಪಕ್ಕವಾದ್ಯ ಇಲ್ಲದಿದ್ದರೂ ಅಡುಗೆಮನೆಯಲ್ಲಿ ಗುನುಗಬಹುದು. 'ಯೆಸ್ಟರ್‌ಡೇ' ಹಾಡಿನ ಎರಡನೇ ಸಾಲು ಮೆಟ್ಟಿಲು ಹತ್ತಿದ ಹಾಗೆ ಹೋಗುವುದನ್ನು ಯಾರು ಬೇಕಾದರೂ ಗುರುತಿಸಬಹುದು. ಜಾನ್ ಅವರ ಟ್ಯೂನ್ ಮಾತಿನ ಪಕ್ಕದಲ್ಲೇ ಇರುತ್ತದೆ, ಜಾಸ್ತಿ ದೂರ ಹೋಗುವುದಿಲ್ಲ. ಹಾಗಾಗಿ ಕಲಿಸುವಾಗ ಜಾನ್ ಹಾಡೇ ಕಷ್ಟ. ಹುಡುಗರು ಒಂದೇ ಸ್ವರದಲ್ಲಿ ನಿಲ್ಲಲು ಹೆದರುತ್ತಾರೆ, ಅಲ್ಲೊಂದು ಗಮಕ, ಇಲ್ಲೊಂದು ತಿರುವು ಸೇರಿಸಿಬಿಡುತ್ತಾರೆ. ಸೇರಿಸಿದ ಕೂಡಲೇ ಹಾಡು ಹೋಯಿತು.

ಯಾರು ದೊಡ್ಡವರು ಅಂತ ಹಟ ಹಿಡಿದವರಿಗೆ ನಾನು ಅದೇ ಆಲ್ಬಮ್‌ನ 'ಡಿಯರ್ ಪ್ರೂಡೆನ್ಸ್' ಹಾಕುತ್ತೇನೆ. ಋಷಿಕೇಶದಲ್ಲಿ ಕೋಣೆ ಬಿಟ್ಟು ಹೊರಗೆ ಬಾರದೆ ಧ್ಯಾನ ಮಾಡುತ್ತಿದ್ದ ಪ್ರೂಡೆನ್ಸ್ ಫ್ಯಾರೋ ಅವರನ್ನು ಕರೆಯುತ್ತಾ ಜಾನ್ ಬರೆದ ಹಾಡು. ಟ್ಯೂನ್ ಕೆಲವೇ ಸ್ವರಗಳ ನಡುವೆ ಸುತ್ತುತ್ತದೆ. 1968ರ ಆಗಸ್ಟ್‌ನಲ್ಲಿ ಅದನ್ನು ಧ್ವನಿಮುದ್ರಿಸುವಾಗ ರಿಂಗೋ ಬೇಸರಗೊಂಡು ಬ್ಯಾಂಡ್ ಬಿಟ್ಟು ಹೋಗಿದ್ದರು. ಹಾಗಾಗಿ ಬೇಸ್ ಜೊತೆಗೆ ಡ್ರಮ್ಸ್ ಕೂಡ ಪಾಲ್ ಅವರೇ ನುಡಿಸಿದರು. ಕೊನೆಯ ಒಂದು ನಿಮಿಷವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಜಾನ್ ಬೆರಳು ಶುರುವಿನಿಂದ ಹಿಡಿದ ಲಯವನ್ನೇ ಹಿಡಿದಿದೆ. ಅದರ ಸುತ್ತ ಪಾಲ್ ಡ್ರಮ್ಸ್ ಉರುಳಿಸಿಕೊಂಡು ಮೇಲೆ ಮೇಲೆ ಹೋಗುತ್ತಿದ್ದಾರೆ.